ಜಗಲಿ ಮ್ಯಾಲಿನ ಎರಡನೇ ಕಾಗದ

ನಿಮಗ ಯಾರಿಗರ ಹಿಂಗ ಆಗ್ಯಾದೇನ್ರೀ? ಹುಟ್ಟಿದಾಗಿಂದ ಒಬ್ರನ್ನ ದೇವ್ರು ಅಂತ ತಿಳ್ಕೊಂಡಿರ್ತೀರಿ. ಹಬ್ಬಕ್ಕೊಮ್ಮಿ ಹೋಗಿ ಕಾಲು ಮುಟ್ಟಿರ್ತೀರಿ. ಮನ್ಯಾಗ ಏನರ ಚಲೋ ಅಡಗಿ ಮಾಡಿದ್ರ ಮೊದಲು ಅವ್ರಿಗೊಂದು ಡಬ್ಬಿ ತೆಗದಿಟ್ಟಿರ್ತೀರಿ. ಆಮ್ಯಾಲೆ ಒಂದಿನ ಗೊತ್ತಾಗ್ತದ, ನಿಮ್ಮ ಮನಿ ಮುರದವ್ರು ಬ್ಯಾರೆ ಯಾರೂ ಅಲ್ಲ, ಅವ್ರೇ ಅಂತ. ಆಗ್ಯಾದ? ನನಗಾಗ್ಯಾದ.

ಮೊನ್ನೆ ನಮ್ಮ ರಾಯಚೂರಿನ ಗ್ರೂಪಿನ್ಯಾಗ ಯಾರೋ ಒಂದು ಹಳೇ ಫೋಟೋ ಹಾಕಿದ್ರು. ಕರೀ ಶೇರ್ವಾನಿ, ತಲಿ ಮ್ಯಾಲೆ ಕುಚ್ಚಿನ ರೂಮಿ ಟೋಪಿ, ನಿಜಾಮನ ಕಾಲದ ವಕೀಲರೆಲ್ಲಾ ಹಾಕ್ತಿದ್ದ ವೇಷ, ಕೈಯಾಗ ಕಾಗದದ ಕಟ್ಟು. ಕೆಳಗ, 'ಬಡವರ ವಕೀಲರು, ಇಂಥವ್ರು ಮತ್ತ ಹುಟ್ಟೂದಿಲ್ಲ' ಅಂತ ಬರದಿದ್ರು. ನೋಡಿದವ್ರೆಲ್ಲಾ ಸಾಲಾಗಿ ಹೊಗಳ್ಯಾರ. ನಾನೂ ಏನರ ಬರೀಬೇಕಂತ ಕೂತೆ, ಒಂದಕ್ಷರ ಹೊಂಡಲಿಲ್ಲ. ಅವ್ರ ಹೆಸರು ನಾ ಹೇಳೂದಿಲ್ಲ. ಮೊಮ್ಮಕ್ಕಳು ಚಲೋ ಹುಡುಗ್ರು, ಅವ್ರದೇನು ತಪ್ಪಿಲ್ಲ. ಆದ್ರ ಕಥಿ ಹೇಳ್ತೀನಿ. ಉದ್ದ ಅದ, ಚಾ ಮಾಡ್ಕೊಂಡು ಬಂದು ಕುಂಡ್ರಿ.

ವಕೀಲ್ ಸಾಬ್ರನ್ನ ನಾ ಹತ್ರದಿಂದ ನೋಡಿದ್ದು ಅವ್ರು ಪೂರಾ ಮುದುಕರಾದಮ್ಯಾಲೆ. ನಾನಾಗ ಮಾನ್ವಿ ತಾಲೂಕಿನ ಹಳ್ಳಿಯಿಂದ ಬಂದು ರಾಯಚೂರಿನ್ಯಾಗ ಬಿ.ಎ. ಓದಾಕತ್ತಿದ್ದೆ. ಕೋಟಿ ಗ್ವಾಡಿ ಹತ್ರದ ಓಣ್ಯಾಗ ಅವ್ರ ಮನಿ. ಬನಿಯನ್ನು, ಧೋತರ, ಹೆಗಲ ಮ್ಯಾಲೊಂದು ಟವಲ್ಲು. ಚಾ ಬಸಿಗಿ ಸುರಕೊಂಡು ಊದಿ ಊದಿ ಕುಡೀತಿದ್ರು. ದನಿ ಅಂದ್ರ ಅಷ್ಟು ಸಣ್ಣದು, ಎದುರಿಗಿದ್ದವ್ರು ಮುಂದ ಬಗ್ಗಿ ಕೇಳಬೇಕು. ಕೋರ್ಟಿನ್ಯಾಗೂ ಹಂಗೇ ಮಾತಾಡ್ತಿದ್ರಂತ. "ಜಡ್ಜು ತಾನೇ ಬಗ್ಗಿ ಕೇಳಬೇಕವ್ವಾ. ಬಗ್ಗಿದನಂದ್ರ ಅರ್ಧ ನಮ್ಮವ ಆದಂಗ" ಅಂತಿದ್ರು.

ಜಗಳದಾಗೂ ದನಿ ಏರ್ತಿದ್ದಿಲ್ಲ. ಹಾಲಿನಾಕಿ ನೀರು ಜಾಸ್ತಿ ಬೆರೆಸಿದ ದಿನ ಬಾಗಿಲಿಗಿ ಬಂದು, "ಏನವ್ವಾ, ಇವತ್ತು ಎಮ್ಮಿ ಕೃಷ್ಣಾ ಹೊಳ್ಯಾಗ ನಿಂತಿತ್ತೇನು?" ಅಂತ ಮೆಲ್ಲಕ ಕೇಳ್ತಿದ್ರು. ಆಕಿನೂ ಬಿಡಾಕಿ ಅಲ್ಲ. "ಎಮ್ಮಿಗೇ ನೋಟಿಸು ಕೊಡ್ರಿ ವಕೀಲ್ ಸಾಬ್ರ, ನನಗ್ಯಾಕ ಬೈತೀರಿ!"

ಇನ್ನೊಂದು ಮಾತು ಅವ್ರ ಬಾಯಾಗ ಯಾವಾಗ್ಲೂ ಇರ್ತಿತ್ತು: "ಮೊದಲು ಜಾಗಾ ನೋಡಬೇಕು." ಯಾರೋ ಬಂದು ಗ್ವಾಡಿ ಜಗಳ ಹೇಳಿದ್ರು ಅನ್ರಿ, ಆ ವಯಸ್ಸಿನ್ಯಾಗೂ ಕೋಲು ಹಿಡಕೊಂಡು, ರಿಕ್ಷಾ ಕರಸಿ, ಆ ಗ್ವಾಡಿ ಮುಟ್ಟಿ ನೋಡಿ ಬಂದೇ ಸಲಹಾ ಕೊಡ್ತಿದ್ರು. ಜಾಗಾ ನೋಡ್ದೆ ಬಾಯಿ ಬಿಡೂದಂದ್ರ ಅವ್ರಿಗಿ ಸುಳ್ಳು ಹೇಳಿದಂಗ. ಈ ಒಂದು ಗುಣದಿಂದಾನೇ ಅವ್ರು ನಮ್ಮ ಮನಿಗಿ ದೇವ್ರಾದದ್ದು. ಅದನ್ನ ಹೇಳಬೇಕಂದ್ರ ನಲವತ್ತರ ದಶಕಕ್ಕ ಹೋಗಬೇಕು. ಇದೆಲ್ಲಾ ನಮ್ಮ ಆಯಿ, ಅಂದ್ರ ನಮ್ಮಪ್ಪನ ಅವ್ವ, ಹೇಳಿದ್ದು. ಒಮ್ಮಿ ಅಲ್ಲ, ಸಾವಿರ ಸಲ.

ಆವಾಗ ನಿಜಾಮನ ರಾಜ್ಯ. ದೊಡ್ಡ ಯುದ್ಧ ನಡದಿತ್ತು. ಸರಕಾರದವ್ರು ರೈತರ ಕಡಿಂದ ಜ್ವಾಳ ವಸೂಲಿ ಮಾಡಿ ಊರೂರಿಗಿ ಹಗೇವಿನ್ಯಾಗ ತುಂಬಿ ಸೀಲು ಹಾಕ್ತಿದ್ರು. ಈಗಿನ ಹುಡುಗ್ರಿಗಿ ಹಗೇವು ಅಂದ್ರ ಗೊತ್ತಾಗೂದಿಲ್ಲ. ನೆಲದಾಗ ಬಾವಿಯಂಗ ಅಗದು, ಒಳಗ ಜ್ವಾಳ ತುಂಬಿ, ಬಾಯಿಗಿ ಕಲ್ಲು ಮುಚ್ಚಿ ಮಣ್ಣು ಮೆತ್ತೋದು. ವರ್ಷಗಟ್ಲೆ ಕಾಳು ಕೆಡೂದಿಲ್ಲ. ಆದ್ರ ಒಳಗಿನ ಗಾಳಿ ಕೆಟ್ಟಿರ್ತದ. ಬಾಯಿ ತೆಗದು ಒಂದು ರಾತ್ರಿ ಬಿಡಬೇಕು. ಮರದಿನ ಹಗ್ಗಕ್ಕ ದೀಪ ಕಟ್ಟಿ ಇಳಿಬಿಡಬೇಕು. ದೀಪ ಉರದ್ರ ಮನಷಾ ಇಳೀಬಹುದು. ಆರಿತಂದ್ರ ಮುಗೀತು, ಇಳದವ ಮ್ಯಾಲೆ ಬರೂದಿಲ್ಲ.

ನಮ್ಮ ಮುತ್ಯಾ, ಅಂದ್ರ ಆಯಿ ಗಂಡ, ಊರಿನ ಆ ಸರಕಾರಿ ಹಗೇವಿನ ಕಾವಲಗಾರ. ಒಂದಿನ ಸಂಜಿಗಿ ನಮ್ಮ ಕೇರಿ ಹಿಂದಿನ ಹಳ್ಳದಾಗ ಎರಡು ಚೀಲ ಜ್ವಾಳ ಸಿಕ್ಕವು. ಹಗೇವಿನ ಸೀಲು ಒಡದಿತ್ತು. ಊರಾಗಿನ ದೊಡ್ಡವ್ರು ಯಾರೋ ಮೊದಲೇ ಮೂಟಿ ಸಾಗಿಸಿ, ಹೊರಿ ನಮ್ಮ ಮುತ್ಯಾನ ತಲಿಗಿ ಕಟ್ಟಿದ್ರು ಅಂತ ಆಯಿ ಹೇಳ್ತಿದ್ಳು. ಪೊಲೀಸ್ ಅಮೀನ, ಅಂದ್ರ ಈಗಿನ ಇನ್ಸ್‌ಪೆಕ್ಟರ್ ಇದ್ದಂಗ, ಬಂದು ಮುತ್ಯಾನ್ನ ಹಗ್ಗ ಹಾಕಿ ಒಯ್ದ. ಅಮೀನನ ಲೆಕ್ಕ ಹಿಂಗಿತ್ತು: ಮಧ್ಯಾಹ್ನ ಸೀಲು ಸರಿ ಇತ್ತು, ಹೊತ್ತು ಮುಳುಗೂದ್ರಾಗ ಚೀಲ ಸಿಕ್ಕಾವು, ಆ ನಡುವ ಕಾವಲಗಾರನೇ ಬಾಯಿ ತೆಗದು ಇಳದು ಕದ್ದಾನ.

ಆಯಿ ರಾಯಚೂರಿಗಿ ನಡಕೋತ ಹೋಗಿ ವಕೀಲ್ ಸಾಬ್ರ ಬಾಗಿಲಿಗಿ ಕೂತ್ಳು. ಅವ್ರಾಗ ಹರೇದವ್ರು. ಕೇರಿಯಾಕಿ ಅಂತ ಗೊತ್ತಿದ್ದೂ ಒಳಗ ಕರದು ಕೇಳಿದ್ರು. ಫೀಸಿನ ಮಾತು ತೆಗೀಲಿಲ್ಲ.

"ಹಗೇವು ಎಲ್ಲದ?"

"ಊರ ಮುಂದ ಅದ ರೀ."

"ನಾಳಿ ಬರ್ತೀನಿ. ಮೊದಲು ಜಾಗಾ ನೋಡಬೇಕು."

ಬಂದೇ ಬಿಟ್ರು. ಶೇರ್ವಾನಿ ಬಿಚ್ಚಿ ಆಯಿ ಕೈಯಾಗ ಕೊಟ್ಟು, ಹಗೇವಿನ ಬಾಯಿಗಿ ಡೊಗ್ಗಿ ಮೂಗು ಇಟ್ಟು ಮೂಸಿದ್ರಂತ! ಯಾಕಂದ್ರ ಅವ್ರೂ ದೇವದುರ್ಗದ ಕಡಿಯ ರೈತ ಮನಿತನದವ್ರು. ಸಣ್ಣವ್ರಿದ್ದಾಗ ಅವ್ರ ಮನಿ ಆಳೊಬ್ಬ ಆಗಷ್ಟೇ ತೆಗದ ಹಗೇವಿಗಿ ಇಳದು ಸತ್ತಿದ್ದ. ಅದನ್ನ ಕಣ್ಣಾರೆ ನೋಡಿದವ್ರು.

ಕೋರ್ಟಿನ್ಯಾಗ ಜಡ್ಜು ಹೈದ್ರಾಬಾದ್ ಶಹರದವ. ಹಗೇವು ಅಂದ್ರ ಏನಂತ ಕನಸಿನ್ಯಾಗೂ ಗೊತ್ತಿಲ್ಲ. ವಕೀಲ್ ಸಾಬ್ರು ಅದೇ ಸಣ್ಣ ದನಿಯಾಗ ಅಮೀನನ್ನ ಕೇಳಿದ್ರಂತ, "ಅಮೀನ್ ಸಾಬ್, ನಾಳಿ ಒಂದು ಹಗೇವಿನ ಬಾಯಿ ತೆಗಸ್ತೀನಿ. ತೆಗದ ಕೂಡ್ಲೆ ನೀವು ಇಳದು ಒಂದು ಚೀಲ ತುಂಬಿ ತೋರಸ್ತೀರೇನು?"

ಅಮೀನ ಸಿಟ್ಟಿಗೆದ್ದು ಅಂದ್ನಂತ, "ನಾ ಯಾಕ ಇಳೀಲಿ? ಸಾಯಬೇಕೇನು?"

ಇಡೀ ಕೋರ್ಟು ಘೊಳ್ಳಂತ ನಕ್ಕಿತು. ಜಡ್ಜೂ ನಕ್ಕ. ವಕೀಲ್ ಸಾಬ್ರು ಮಾತ್ರ ನಗಲಿಲ್ಲ. "ಹುಜೂರ್, ನನ್ನ ಕಕ್ಷಿದಾರಗ ಎರಡು ಜೀವ ಇಲ್ಲ" ಅಂದು ಕೂತು ಬಿಟ್ರು. ಮುತ್ಯಾಗ ಬಿಡುಗಡಿ ಆತು.

ಆ ಬಿಡುಗಡಿ ಕಾಗದ ಉರ್ದುದಾಗಿತ್ತು. ಆವಾಗ ಕೋರ್ಟಿಂದೆಲ್ಲಾ ಉರ್ದುದಾಗೇ. ನಮ್ಮ ಕೇರ್ಯಾಗ ಕನ್ನಡ ಓದೋರೇ ಇದ್ದಿಲ್ಲ, ಉರ್ದು ಎಲ್ಲಿಂದ ಬರಬೇಕು? ವಕೀಲ್ ಸಾಬ್ರು ಕೈಗಿ ಕೊಟ್ಟು, "ಇದು ಬಿಡುಗಡಿ ಕಾಗದ, ಜೋಪಾನ" ಅಂದಿದ್ರು. ಆಯಿ ಅದನ್ನ ಒಯ್ದು ಒಳಗಿನ ದೇವ್ರ ಜಗಲಿ ಮ್ಯಾಲೆ ದೇವ್ರ ಬಾಜೂಕ ಇಟ್ಟು, ವಿಭೂತಿ ಹಚ್ಚಿ, ದಿನಾ ದೀಪ ತೋರಸಾಕ ಹತ್ತಿದ್ಳು. ನಗಬ್ಯಾಡ್ರಿ. ನಿಮ್ಮ ಗಂಡನ್ನ ಮನಿಗಿ ಕಳಿಸಿದ ಕಾಗದ ಆಗಿದ್ರ ನೀವೂ ಅದನ್ನೇ ಮಾಡ್ತಿದ್ರಿ.

ನಾಕೈದು ತಿಂಗಳಾದಮ್ಯಾಲೆ ಕೋರ್ಟಿನ ಜವಾನ ಒಬ್ಬ ಊರಿಗಿ ಬಂದ. ಕೈಯಾಗ ಇನ್ನೊಂದು ಕಾಗದ. ಅಂಥಾದೇ ಅಕ್ಷರ, ಅಂಥಾದೇ ಗುಂಡನ ಮೊಹರು. "ಹೈದ್ರಾಬಾದಿಂದ ಬಂದದ" ಅಂದು ಮುತ್ಯಾನ ಹೆಬ್ಬೆಟ್ಟು ಒತ್ತಿಸಿಕೊಂಡ. ಆಯಿ ಅವಗ ಮಜ್ಜಿಗಿ ಕೊಟ್ಳು, ತೆಂಗಿನಕಾಯಿ ಕೊಟ್ಳು. ಹೈದ್ರಾಬಾದಿಂದ ಅಂದ್ರ ನಿಜಾಮನೇ ಒಪ್ಪಿ ಕಳಿಸ್ಯಾನ ಅಂತ ತಿಳ್ಕೊಂಡಳು. ಎರಡನೇ ಕಾಗದಾನೂ ಜಗಲಿ ಮ್ಯಾಲೆ ಹೋಯ್ತು. ಅದಕ್ಕೂ ವಿಭೂತಿ, ಅದಕ್ಕೂ ದೀಪ.

ಆ ಹೊತ್ತಿಗಿ ವಕೀಲ್ ಸಾಬ್ರು ಯಾವುದೋ ಕೆಲಸಕ್ಕ ಮಾನ್ವಿಗಿ ಬಂದವ್ರು ನಮ್ಮ ಊರಿಗೂ ಬಂದ್ರು. ಆಯಿ ಕೈ ಮುಗದು, "ಒಂದು ತುತ್ತು ಉಂಡು ಹೋಗ್ರೀ ಸಾಬ್ರ" ಅಂದ್ಳು. ಅಂದಮ್ಯಾಲೆ ತಾನೇ ಹೆದರಿದ್ಳು. ನಮ್ಮ ಕೇರ್ಯಾಗ ಅಂಥವ್ರು ಉಣ್ಣೂದಂದ್ರ ಏನ್ರೀ? ನೀರೂ ಕುಡೀತಿದ್ದಿಲ್ಲ ಯಾರೂ. ಅವ್ರು ಒಳಗ ಬಂದ್ರು, ತಲಿ ಬಗ್ಗಿಸಿ. ಜಗಲಿ ಮುಂದ ನಿಂತು ಕೈ ಮುಗದು, ಬಾಳ ಹೊತ್ತು ಹಂಗೇ ನಿಂತ್ರಂತ. ಆಮ್ಯಾಲೆ ಕೂತು ಜ್ವಾಳದ ರೊಟ್ಟಿ, ಪುಂಡಿಪಲ್ಯ ಉಂಡ್ರು. ಇಡೀ ಕೇರಿ ಬಾಗಿಲಾಗ ನಿಂತು ನೋಡ್ತು. "ಇನ್ನೊಂದು ರೊಟ್ಟಿ ಹಾಕವ್ವಾ" ಅಂದ್ರಂತ. ಆಯಿ ಈ ಮಾತು ಹೇಳುವಾಗ ಸಾವಿರದೊಂದನೇ ಸಲಾನೂ ಅಳ್ತಿದ್ಳು.

ಮುಂದ ಸುಗ್ಗಿಯೊಳಗ, ಕಣದಾಗ ಕೆಲಸ ಮಾಡಾಕತ್ತಿದ್ದ ಮುತ್ಯಾನ್ನ ಪೊಲೀಸ್ರು ಬಂದು ಹಿಡದು ಒಯ್ದ್ರು. ಹೈದ್ರಾಬಾದಿನ ದೊಡ್ಡ ಕೋರ್ಟು ಬಿಡುಗಡಿ ರದ್ದು ಮಾಡಿ ಎರಡು ವರ್ಷ ಸಜಾ ಹಾಕ್ಯಾದ ಅಂದ್ರು. ಆಯಿ ಜಗಲಿ ಮ್ಯಾಲಿಂದ ಎರಡೂ ಕಾಗದ ತಂದು ಪೊಲೀಸಪ್ಪನ ಮಾರಿಗಿ ಹಿಡದು, "ನಮ್ಮ ಕಡಿ ಎರಡು ಬಿಡುಗಡಿ ಅದಾವೋ ಯಪ್ಪಾ, ಎರಡು!" ಅಂತ ಚೀರಿದ್ಳಂತ. ಅವ ನೋಡಿ ನಕ್ಕ. ಯಾಕ ನಕ್ಕ ಅಂತ ಆಕಿಗಿ ತಿಳೀಲಿಲ್ಲ.

ಮತ್ತ ರಾಯಚೂರಿಗಿ ಓಡಿದ್ಳು. ವಕೀಲ್ ಸಾಬ್ರು ಆ ಹೊತ್ತಿಗಿ ಸರಕಾರಿ ವಕೀಲ ಆಗಿದ್ರು, ಮನಿ ಮುಂದ ಜವಾನ ಇದ್ದ. ಆದ್ರೂ ಒಳಗ ಕರದ್ರು. "ಬಾಳ ಬಡಿದಾಡಿದೆ ಯವ್ವಾ. ಸರಕಾರ ಕೇಳಲಿಲ್ಲ" ಅಂದ್ರು. ಆಯಿ ಕಾಲು ಮುಟ್ಟಿ ಬಂದ್ಳು.

ಮುತ್ಯಾ ಎರಡು ವರ್ಷದ ಮ್ಯಾಲೆ ಬಂದ. ಎದಿ ಹಾಳಾಗಿತ್ತು, ಕೆಮ್ಮು ಜೀವ ಇರೂತನಕ ಬಿಡಲಿಲ್ಲ. ಕಾವಲಿ ಕೆಲಸ ಹೋಯ್ತು. ನಮ್ಮಪ್ಪಗ ಹೆಣ್ಣು ನೋಡಾಕ ಹೋದಲ್ಲೆಲ್ಲಾ, "ಹಗೇವು ಕಳ್ಳನ ಮಗ ಅಲ್ಲೇನು?" ಅಂತಿದ್ರು. ನಾ ಸಾಲಿಗಿ ಹೋಗುವಾಗ್ಲೂ ಆ ಹೆಸರು ಹೋಗಿದ್ದಿಲ್ಲ. ಇಷ್ಟಾದ್ರೂ ಆಯಿ ವರ್ಷಾ ವರ್ಷಾ ರಾಯಚೂರಿಗಿ ಶೇಂಗಾ ಹಿಂಡಿ, ಪುಂಡಿಪಲ್ಯ ಕಳಸೂದು ಬಿಡಲಿಲ್ಲ. ನಮಗೋಸ್ಕರ ಬಡಿದಾಡಿದ ಒಬ್ಬೇ ಒಬ್ಬ ಮನಷಾ ಅವ್ರು.

ಈಗ ನನ್ನ ಕಾಲೇಜಿನ ದಿನಕ್ಕ ಬರೂಣು. ಡಬ್ಬಿ ಒಯ್ದು ಕೊಡಾಕ ಹೋಗಿ ಹೋಗಿ ನಾ ಅವ್ರ ಮನಿಯಾಕಿನೇ ಆಗಿ ಬಿಟ್ಟಿದ್ದೆ. ನನಗ ಇಂಗ್ಲಿಷು ಕಲಸಿದ್ರು. ಅರ್ಜಿ ಬರೀಯಾಕ ಕಲಸಿದ್ರು. ಒಂದಿನ ತಾವೇ ಅಂದ್ರು, "ನೀ ಉರ್ದು ಕಲಿ."

"ನನಗ್ಯಾಕ್ರೀ ಸಾಬ್ರ ಉರ್ದು? ಪರೀಕ್ಷಾಕ್ಕಿಲ್ಲ."

"ನಿಮ್ಮ ಮುತ್ಯಾನ ಕಾಲದ ಕಾಗದ ಎಲ್ಲಾ ಉರ್ದುದಾಗ ಅದಾವ. ನಿಮ್ಮವ್ರೇ ಒಬ್ರು ಓದಬೇಕು."

ಅಲಿಫ್, ಬೇ ಇಂದ ಸುರು ಮಾಡಿದ್ರು. ಅಕ್ಷರ ಬಂದಮ್ಯಾಲೆ ತಮ್ಮ ಹಳೇ ಕೋರ್ಟಿನ ಕಾಗದ ಕೊಟ್ಟು, ಗುಮಾಸ್ತರ ಕೈಬರಹಾನೂ ಓದಿಸಿದ್ರು. ಪೇಶಿ ಅಂದ್ರ ವಿಚಾರಣಿ, ಮುಲ್ಜಿಮ್ ಅಂದ್ರ ಆರೋಪಿ, ಬರೀ ಅಂದ್ರ ಬಿಡುಗಡಿ. ನಾ ತಪ್ಪಿದ್ರ ಕೋಲಿಲೆ ನೆಲಕ್ಕ ಬಡೀತಿದ್ರು. ಅಷ್ಟು ಅವಸರ ಯಾಕಂತ ನನಗಾಗ ಹೊಳೀಲಿಲ್ಲ.

ದೀಪಾವಳಿಗಿ ಊರಿಗಿ ಹೋಗಿದ್ದೆ. ಜಗಲಿ ಒರಸಾಕತ್ತಿದ್ದೆ. ಆ ಎರಡು ಕಾಗದ ವಿಭೂತಿ ಹತ್ತಿ ಹತ್ತಿ ರೊಟ್ಟಿಯಂಗ ಗಟ್ಟಿಯಾಗಿದ್ವು. ಸುಮ್ಮನ ಕುತೂಹಲಕ್ಕ ಓದಿದೆ. ಮೊದಲನೇದ್ರಾಗ 'ಬರೀ' ಇತ್ತು, ಬಿಡುಗಡಿ. ಖುಷಿಯಾಯ್ತು. ಎರಡನೇದ್ರಾಗ 'ಬರೀ' ಹುಡುಕಿದೆ. ಇದ್ದಿಲ್ಲ. 'ಅಪೀಲ್' ಇತ್ತು. ಸರಕಾರ ಬಿಡುಗಡಿ ಮ್ಯಾಲೆ ಅಪೀಲು ಹಾಕ್ಯಾದ, ಇಂಥಾ ತಾರೀಖಿಗಿ ಪೇಶಿ ಅದ, ನೀನರ ನಿನ್ನ ವಕೀಲನರ ಬಂದು ಉತ್ತರ ಹೇಳಬೇಕು, ಬರಲಿಲ್ಲಂದ್ರ ನಿನ್ನ ಬಿಟ್ಟೇ ತೀರ್ಮಾನ ಮಾಡ್ತೀವಿ.

ನಮ್ಮವ್ರು ಸರಕಾರ ಕೊಟ್ಟ ಗುದ್ದಿಗಿ ವಿಭೂತಿ ಹಚ್ಚಿ ದೀಪ ತೋರಿಸಿದ್ರು.

ನನಗ ಅದಕ್ಕಿಂತ ದೊಡ್ಡ ಗುದ್ದು ಬ್ಯಾರೆನೇ ಬಿತ್ತು. "ಆಯಿ, ವಕೀಲ್ ಸಾಬ್ರು ಉಣ್ಣಾಕ ಬಂದಾಗ ಈ ಎರಡನೇ ಕಾಗದ ಇಲ್ಲೇ ಇತ್ತೇನ?" ಅಂತ ಕೇಳಿದೆ.

"ಇತ್ತಲ್ಲ. ಅವ್ರು ಎರಡೂ ತಗೊಂಡು ಓದಿ, ಹಣಿಗಿ ಹಚ್ಕೊಂಡು ಮತ್ತ ಇಟ್ರು."

ರಜಾ ಮುಗಿಯೂತನಕ ಕಾಯಲಿಲ್ಲ. ಮರದಿನಾನೇ ಬಸ್ಸು ಹತ್ತಿದೆ. ಅವ್ರು ಚಾ ಕುಡಿಯಾಕತ್ತಿದ್ರು. ಕಾಗದ ಮುಂದ ಇಟ್ಟೆ. ಬಸಿ ಕೆಳಗಿಟ್ರು.

"ಓದಿದಿ?"

"ಓದೀನ್ರಿ."

"ನೀ ಬ್ಯಾಸಗ್ಯಾಗೇ ಓದ್ತಿ ಅನ್ಕೊಂಡಿದ್ದೆ. ಬಾಳ ತಡಾ ಮಾಡಿದಿ."

ನನಗ ಪ್ರೀತಿಲೆ ಕಲಸಾಕತ್ತಾರ ಅನ್ಕೊಂಡಿದ್ದೆ ನಾ! ತಾವು ಬಾಯಿ ಬಿಟ್ಟು ಹೇಳಲಾರದ್ದನ್ನ ನನ್ನ ಬಾಯಿಲೆ ಹೇಳಸಾಕ ಕಲಸಿದ್ರು. ಮುತ್ಯಾನ್ನ ಮುಳುಗಿಸಿದ್ದು ಸಾಲಲಿಲ್ಲ, ಅದರ ಹೊರಿ ಮೊಮ್ಮಗಳ ತಲಿ ಮ್ಯಾಲೆ.

"ಆ ತಾರೀಖಿಗಿ ಹೈದ್ರಾಬಾದಿಗಿ ಹೋಗಿದ್ರೇನ್ರೀ ನೀವು?"

"ಇಲ್ಲ."

"ಬ್ಯಾರೆ ವಕೀಲರನ್ನರ ಕಳಿಸಿದ್ರೇನು?"

"ಇಲ್ಲ. ಯಾರೂ ಹೋಗಲಿಲ್ಲ. ಅಮೀನ ಹಂಗಂದದ್ದು ಚಾಷ್ಟಿ ಮಾತು, ಕೆಟ್ಟ ಗಾಳಿಗಿ ಸಾಕ್ಷಿ ಇಲ್ಲ ಅಂತ ಸರಕಾರದವ್ರು ಅಪೀಲಿನ್ಯಾಗ ಬರದಿದ್ರು. ಹಗೇವು ನೋಡಿದವ ಒಬ್ಬ ಎದ್ದು ನಿಂತು ಒಂದು ಮಾತು ಹೇಳಿದ್ರ ಸಾಕಿತ್ತು."

"ಮತ್ಯಾಕ ಹೋಗಲಿಲ್ರಿ?"

ಕನ್ನಡಕ ತೆಗದ್ರು. ಧೋತರದ ಸೆರಗಿಲೆ ಒರಸ್ಕೋತ, ನನ್ನ ಮಾರಿ ನೋಡದೆ ಅಂದ್ರು, "ಅದೇ ತಿಂಗಳು ನನ್ನ ಹೆಸರು ಸರಕಾರಿ ವಕೀಲಕಿಗಿ ಹೋಗಿತ್ತು. ಸರಕಾರದ ಅಪೀಲಿಗಿ ಎದುರು ನಿಂತವ್ನ ಯಾರು ತಗೋತಾರ?"

ಅಷ್ಟೇ ರೀ. ಬ್ಯಾರೆ ಕಾರಣ ಇಲ್ಲ. ಯಾರೂ ಹೆದರಿಸಿದ್ದಿಲ್ಲ, ಕುತ್ತಿಗಿ ಮ್ಯಾಲೆ ಕತ್ತಿ ಇಟ್ಟಿದ್ದಿಲ್ಲ. ಒಂದು ನೌಕರಿ.

"ನೀವೇ ಬಂದು ನಮ್ಮ ಆಯಿಗಿ ಹೇಳ್ರಿ" ಅಂದೆ.

"ನನ್ನಿಂದ ಆಗೂದಿಲ್ಲವ್ವಾ." ಜೀವನದಾಗ ಮೊದಲ ಸಲ ನಾ ಮುಂದ ಬಗ್ಗದೆ ಅವ್ರ ಮಾತು ಕೇಳಿದೆ. ಬಗ್ಗಲಿಲ್ಲ, ಬೇಕಂತಲೇ.

ಊರಿಗಿ ಹೋಗಿ ಆಯಿಗಿ ಎಲ್ಲಾ ಹೇಳಿದೆ. ಆಕಿ ಜ್ವಾಳ ಹಸನ ಮಾಡಾಕತ್ತಿದ್ಳು. ಮೊರ ಕೆಳಗಿಡಲಿಲ್ಲ, ಅಳಲಿಲ್ಲ, ಬೈಯ್ಯಲಿಲ್ಲ. ಕಾಳು ಕೇರೂದು ನಿಂತಿತು, ಅಷ್ಟೇ. ಒಂದೇ ಒಂದು ಮಾತು ಕೇಳಿದ್ಳು.

"ಆವತ್ತು ಅವ್ರು ಕಾಗದ ಓದಿದ್ದು ಉಣ್ಣೂಕಿನ ಮುಂಚೇನೋ, ಉಂಡ ಮ್ಯಾಲೋ? ನನಗ ಈಗ ನೆಪ್ಪಾಗವಲ್ದು."

"ಅದೇನು ಫರಕು ಆಯಿ?"

"ಫರಕು ಅದ. ಕೇಳ್ಕೊಂಡು ಬಾ."

ಮತ್ತ ರಾಯಚೂರು. ವಕೀಲ್ ಸಾಬ್ರಿಗಿ ಆಯಿ ಕೇಳಿದ್ದನ್ನ ಹೇಳಿದೆ. ಹಿಡದಿದ್ದ ಕೋಲು ಗ್ವಾಡಿಗಿ ಆನಿಸಿಟ್ರು.

"ಮುಂಚೆ" ಅಂದ್ರು. "ಓದಿದಮ್ಯಾಲೆ ಕೂತು ಉಂಡೆ. ಹೊಟ್ಟಿ ತುಂಬ ಉಂಡೆ."

ಆ ಬಾಗಿಲು ದಾಟಿದವಳು ಮತ್ತ ಆ ಮನಿಗಿ ಹೋಗಲಿಲ್ಲ. ಆ ವರ್ಷಾನೇ ತೀರಿಕೊಂಡ್ರು. ಮಣ್ಣಿಗೂ ಹೋಗಲಿಲ್ಲ. ನೋಡ್ರಿ, ಇಷ್ಟು ಸಿಟ್ಟಿದ್ರೂ ಇವತ್ತಿಗೂ 'ಅವ್ರು' ಅಂತಾನೇ ಬರೀತೀನಿ. 'ಅವ' ಅನ್ನಾಕ ಕೈ ಬರೂದಿಲ್ಲ. ನನಗ ಅಕ್ಷರ ಕೊಟ್ಟವ್ರು. ಅದಕ್ಕೇ ಇನ್ನೂ ಉರೀತದ.

ಊರಿಗಿ ಹೋದಾಗ ಆಯಿ ಬಾಗಿಲಾಗೇ ನಿಂತಿದ್ಳು. "ಏನಂದ್ರು?"

ಆಕಿ ಮಾರಿ ನೋಡಿದೆ. ನಲವತ್ತು ವರ್ಷ ಇಡೀ ಕೇರಿಗಿ ಹೇಳ್ಕೊಂಡು ಬಂದ ಮಾತು ಅದು: ಅಷ್ಟು ದೊಡ್ಡ ಮನಷಾ ನನ್ನ ಕೈಲೆ ಉಂಡ, ಇನ್ನೊಂದು ರೊಟ್ಟಿ ಕೇಳಿ ಹಾಕಿಸ್ಕೊಂಡ. ಗಂಡನ ಎದಿ ಹೋಯ್ತು, ಮನಿ ಹೆಸರು ಹೋಯ್ತು, ಆಕಿ ಪಾಲಿಗಿ ಉಳದದ್ದು ಆ ಎರಡು ರೊಟ್ಟಿ.

"ಉಂಡ ಮ್ಯಾಲೆ ಓದಿದ್ರಂತ ಆಯಿ" ಅಂದೆ.

ಆಯಿ ಉಸಿರು ಬಿಟ್ಳು. "ಹಂಗಾದ್ರ ಸರಿ. ಉಣ್ಣೂತನಕ ನಮ್ಮವ್ರೇ ಇದ್ರು" ಅಂದು ಒಳಗ ಹೋಗಿ ನನಗ ಊಟಕ್ಕ ನೀಡಿದ್ಳು.

ಆಕಿ ಸಾಯೂತನಕ ಅದನ್ನೇ ನಂಬಿದ್ಳು. ವಕೀಲ್ ಸಾಬ್ರು ಆಕಿಗಿ ಹೇಳಿದ್ದು ಒಂದು ಸುಳ್ಳು, ನಾ ಹೇಳಿದ್ದು ಇನ್ನೊಂದು. ಅವ್ರದು ತಮಗೋಸ್ಕರ, ನನ್ನದು ಆಕಿಗೋಸ್ಕರ ಅಂತ ಇಷ್ಟು ವರ್ಷ ಸಮಾಧಾನ ಮಾಡ್ಕೊಂಡೀನಿ. ಈಗೀಗ ಅದೂ ಪೂರಾ ಖರೇ ಅನಸೂದಿಲ್ಲ. ಅವ್ರ ಮರ್ಯಾದಿನೂ ಉಳದು ಬಿಡ್ತಲ್ಲ ನನ್ನ ಸುಳ್ಳಿನಿಂದ!

ನಿಮ್ಮ ಮನ್ಯಾಗೂ ಇಂಥವ್ರು ಯಾರರ ಇದ್ರೇನ್ರೀ? ಕೈ ಹಿಡದು ಎತ್ತಿದವ್ರೇ ಕೈ ಬಿಟ್ಟದ್ದು, ಆಮ್ಯಾಲೆ ಅದನ್ನ ಮುದುಕರಿಂದ ನೀವು ಮುಚ್ಚಿಟ್ಟದ್ದು? ಕೆಳಗ ಬರೀರಿ. ಹೆಸರು ಬ್ಯಾಡ, ನಡದದ್ದು ನಡದಂಗ ಬರೀರಿ. ನಾ ಮಾಡಿದ್ದು ತಪ್ಪಂದ್ರ ಅದನ್ನೂ ಬರೀರಿ. ಬೈಸ್ಕೋತೀನಿ.